ಬಟ್ಯನ ಹೆಸರಿಗೆ ಎಷ್ಟು ಅಕ್ಷರ

ಮಲಯಾಳದ ಗಡಿಯೊಳಗಿರುವ ಬೆಳ್ಳೂರಿನ ಒಂದು ಕನ್ನಡ ಶಾಲೆಯಲ್ಲಿ ಪ್ರೇಮಾವತಿ ಪ್ಯೂನ್. ಬೆಲ್ಲು ಹೊಡೆಯುವವಳು ಅವಳೇ, ಬಾಗಿಲು ತೆಗೆಯುವವಳು ಅವಳೇ, ಮಕ್ಕಳ ಅಲುಗಾಡುವ ಹಲ್ಲನ್ನು ಮಾತಾಡಿಸುತ್ತಾ ಮಾತಾಡಿಸುತ್ತಾ ಟಕ್ಕೆಂದು ಕೀಳುವವಳೂ ಅವಳೇ. ಕಲಿತದ್ದು ಏಳನೆಯ ಕ್ಲಾಸು, ಆಮೇಲೆ ಹದಿನೆಂಟು ವರ್ಷ ಬೀಡಿ ಕಟ್ಟಿದ್ದು. ಅಂಥವಳು ಐವತ್ತೊಂದನೆಯ ವಯಸ್ಸಿನಲ್ಲಿ ಮೌಸ್ ಮುಟ್ಟದೆ, ಚಿತ್ರ ನೋಡದೆ, ಬರೀ ಅಕ್ಷರ ಒತ್ತಿ ಕಂಪ್ಯೂಟರನ್ನು ದುಡಿಸಲು ಕಲಿತಳು ಅಂದರೆ ಕೆಲವರು ನಗುತ್ತಾರೆ. ನಗಲಿ ಬಿಡಿ. ಊರ ಬಾಯಿ ಮುಚ್ಚಲಿಕ್ಕೆ ಯಾರಿಂದ ಆಗಿದೆ?

ಅವಳು ಕಲಿತದ್ದು ಹುಮ್ಮಸ್ಸಿಗಲ್ಲ, ಅಪ್ಪನಿಗಾಗಿ.

ಅವಳ ಅಪ್ಪ ಬಟ್ಯನಿಗೆ ಈಗ ಎಂಬತ್ತು ದಾಟಿದೆ. ಒಂದು ಕಾಲದಲ್ಲಿ ಅವನು ಗದ್ದೆ ಉಳುತ್ತಾ ಹಾಡು ಎತ್ತಿದರೆ ಗುಡ್ಡೆಯ ಆಚೆ ಬದಿಯವರು ಕೆಲಸ ನಿಲ್ಲಿಸುತ್ತಿದ್ದರಂತೆ. ಮೂರು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ಆದರೆ ಅದಕ್ಕೆ ಒಂದು ವರ್ಷ ಮೊದಲು ಶಾಲೆಯ ಮಕ್ಕಳು ಊರಿನ ಹಿರಿಯರ ಮಾತು, ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ತುಂಬಿಸಿದ್ದರು. ಬಟ್ಯನ ಹಾಡೂ ಅದರಲ್ಲಿತ್ತು. ಹಾಗಾಗಿ ಯಾರಾದರೂ "ಪಾಪ, ಬಟ್ಯಣ್ಣನ ಸ್ವರ ಹೋಯ್ತಲ್ಲ" ಎಂದು ಲೊಚಗುಟ್ಟಿದರೆ ಮುದುಕ ತಲೆಯಾಡಿಸಿ, ಜಗಲಿಯಿಂದಲೇ ಕೈ ಎತ್ತಿ ಶಾಲೆಯ ಕಡೆ ತೋರಿಸುತ್ತಾನೆ. ಹೋಗಿಲ್ಲ, ಅಲ್ಲಿ ಉಂಟು ಎಂದು ಅರ್ಥ. ಆ ಕೈ ಎತ್ತುವ ಗತ್ತು ನೋಡಬೇಕು, ಬ್ಯಾಂಕಿನಲ್ಲಿ ಚಿನ್ನ ಇಟ್ಟವನ ಹಾಗೆ!

ಆ ಕಂಪ್ಯೂಟರ್ ಕೆಟ್ಟು ಒಂದು ವರ್ಷವಾಗಿತ್ತು. ಸ್ವಿಚ್ ಹಾಕಿದರೆ ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಬಿಳಿ ಗೆರೆ, ಅಷ್ಟೇ. ಶಾಲೆಗೆ ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಅದರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಒಂದು ದಿನ ಹೆಡ್‌ಮಾಷ್ಟ್ರು ಶರತ್ಚಂದ್ರರು ಕಾಗದ ಹಿಡಿದುಕೊಂಡು ಬಂದರು.

"ಪ್ರೇಮಾವತೀ, ಹಳೆ ಕಂಪ್ಯೂಟರ್ ಎಲ್ಲ ಒಂದು ಕಡೆ ಜೋಡಿಸಿಡಿ. ಮೂರು ವಾರ ಕಳೆದು ಶನಿವಾರ ಗುಜರಿಗೆ ಲಾರಿ ಬರ್ತದೆ. ಲಿಸ್ಟಿನಲ್ಲಿ ಇದ್ದದ್ದು ಇದ್ದ ಹಾಗೆ ಕೊಡ್ಬೇಕು."

ಪ್ರೇಮಾವತಿಗೆ ಅಪ್ಪನ ಹಾಡು ನೆನಪಾಯಿತು. ಓಡಿದ್ದು ನೇರ ಶ್ರೀವಾಣಿ ಟೀಚರ ಹತ್ತಿರ. ಶಾಲೆಯ ಕಂಪ್ಯೂಟರುಗಳ ಉಸ್ತುವಾರಿ ಅವರದು.

"ಅದರ ಮುಖ ಹೋಗಿದೆ ಪ್ರೇಮಕ್ಕ, ಜೀವ ಉಂಟು" ಎಂದರು ಟೀಚರ್. "ಅಕ್ಷರ ಒತ್ತಿದರೆ ಕೇಳ್ತದೆ. ನಾನು ಪೂರ್ತಿ ಫೋಲ್ಡರ್ ಕಾಪಿ ಮಾಡ್ಲಿಕ್ಕೆ ನೋಡಿದೆ, ಅರ್ಧದಲ್ಲಿ ಬಿಸಿಯಾಗಿ ನಿಲ್ತದೆ. ಒಂದೆರಡು ಫೈಲ್ ಆದ್ರೆ ಕೊಡ್ತದೆ. ಆದರೆ ಯಾವುದು ಅಂತ ಹುಡುಕ್ಲಿಕ್ಕೆ ಕೂತ್ಕೊಳ್ಬೇಕು. ನನಗೆ ಕಲೋತ್ಸವದ ಮಕ್ಕಳನ್ನು ಕರ್ಕೊಂಡು ಓಡಿ ಸಾಕಾಗಿದೆ. ನೀವೇ ಕಲೀರಿ. ದಿನಾ ನಾಲ್ಕು ಗಂಟೆಗೆ ಅರ್ಧ ಗಂಟೆ ಹೇಳಿಕೊಡ್ತೇನೆ."

"ನಾನಾ? ಎಂತ ಟೀಚರ್, ತಮಾಷೆಯಾ?"

ತಮಾಷೆಯಲ್ಲ. ಮೊದಲ ದಿನ ಎರಡು ಅಕ್ಷರ ಒತ್ತಿ ಪ್ರೇಮಾವತಿ ಕೈ ಕಟ್ಟಿ ಕೂತಳು. ಐದು ನಿಮಿಷ ಕಾದಳು. "ಟೀಚರ್, ಇದಕ್ಕೆ ಅಹಂಕಾರ ಉಂಟು. ಉತ್ತರವೇ ಕೊಡುದಿಲ್ಲ."

"ಎಂಟರ್ ಒತ್ತಿ ಮಾರಾಯ್ತಿ!"

ಹಳೆಯ ಹಾಜರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಅವಳು ತನ್ನದೇ ಅರ್ಥಕೋಶ ಬರೆದುಕೊಂಡಳು. ls ಎಂದರೆ 'ಎಲ್ಲ ಸಾಮಾನು', ಒಳಗೆ ಇರುವುದನ್ನೆಲ್ಲ ಪಟ್ಟಿ ಮಾಡಿ ತೋರಿಸುತ್ತದೆ. cd ಎಂದರೆ 'ಚಾವಡಿ ದಾಟು', ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗಲಿಕ್ಕೆ. cp ಕಾಪಿ, ಅದಕ್ಕೆ ಉಪಾಯ ಬೇಡ. rm ಎಂದರೆ 'ರಾಮ'. "ಇದನ್ನು ಒತ್ತಿದರೆ ಫೈಲಿಗೆ ರಾಮ ರಾಮ, ಮತ್ತೆ ವಾಪಸು ಇಲ್ಲ" ಎಂದು ಟೀಚರ್ ಹೇಳಿದ ದಿನ ಅವಳು ಆ ಸಾಲಿನ ಸುತ್ತ ಕೆಂಪು ಪೆನ್ನಿನಲ್ಲಿ ಬೇಲಿ ಹಾಕಿದಳು. ಕಾಪಿ ಮಾಡಿದ ಮೇಲೆ ಯಂತ್ರ ಏನೂ ಹೇಳದೆ ಸುಮ್ಮನಿತ್ತು. ಆಗಲಿಲ್ಲವೇನೋ ಎಂದು ಅವಳು ಅದನ್ನೇ ನಾಲ್ಕು ಸಲ ಮಾಡಿದ್ದೂ ಆಯಿತು.

"ತಪ್ಪಾದ್ರೆ ಮಾತ್ರ ಬೈತದೆ. ಸುಮ್ಮನಿದ್ರೆ ಕೆಲಸ ಆಯ್ತು ಅಂತ ತಿಳ್ಕೊಳ್ಳಿ."

"ಹಾಗಾದ್ರೆ ನಮ್ಮ ಅಪ್ಪನ ಹಾಗೆಯೇ" ಎಂದಳು ಪ್ರೇಮಾವತಿ. ಆವತ್ತಿನಿಂದ ಅವಳಿಗೆ ಆ ಕಪ್ಪು ಪರದೆಯ ಹೆದರಿಕೆ ಹೋಯಿತು.

ಎರಡು ವಾರದಲ್ಲಿ ಅವಳು ರೆಕಾರ್ಡಿಂಗ್ ಇರುವ ಫೋಲ್ಡರಿನ ಒಳಗೆ ತಾನೇ ಹೋದಳು, ಎಲ್ಲ ಸಾಮಾನು ತೋರಿಸು ಎಂದಳು. ತೋರಿಸಿತು. ನೂರಾರು ಹೆಸರು, ಒಂದೂ ಓದಲಿಕ್ಕೆ ಬರುವುದಿಲ್ಲ! ಮಕ್ಕಳು ಫೈಲುಗಳಿಗೆಲ್ಲ ಆಯಾ ಅಜ್ಜ ಅಜ್ಜಿಯರ ಹೆಸರನ್ನು ಕನ್ನಡದಲ್ಲಿ ಇಟ್ಟಿದ್ದರು. ಕಪ್ಪು ಪರದೆಗೆ ಕನ್ನಡ ಬಾರದು. ಪ್ರತಿ ಅಕ್ಷರಕ್ಕೂ ಒಂದು ಚೌಕ, ಹೆಸರಿಗೆ ಹೆಸರೇ ಚೌಕದ ಸಾಲು. ಅಲ್ಲಿ ಕನ್ನಡ ಟೈಪ್ ಮಾಡಲಿಕ್ಕೂ ಆಗುವುದಿಲ್ಲ.

ಟೀಚರ್ ಸ್ವಲ್ಪ ಯೋಚಿಸಿ ಒಂದು ದಾರಿ ಹೇಳಿದರು. ಗೊತ್ತಿಲ್ಲದ ಒಂದೊಂದು ಅಕ್ಷರದ ಜಾಗದಲ್ಲಿ ಒಂದೊಂದು ಪ್ರಶ್ನೆ ಚಿಹ್ನೆ ಹಾಕಬೇಕು, ಅಷ್ಟು ಉದ್ದದ ಹೆಸರು ಮಾತ್ರ ಬರುತ್ತದೆ. ಅಷ್ಟು ಹೇಳಿ ಅವರು ಕಲೋತ್ಸವದ ಬಸ್ಸು ಹತ್ತಿದರು.

ಬಟ್ಯ. ಎರಡೇ ಅಕ್ಷರ. ಒಂದನೆಯ ಕ್ಲಾಸಿನ ಮಗುವಿಗೂ ಗೊತ್ತು. ಪ್ರೇಮಾವತಿ ಎರಡು ಪ್ರಶ್ನೆ ಚಿಹ್ನೆ ಹಾಕಿ ಎಂಟರ್ ಒತ್ತಿದಳು. ಅಂಥ ಫೈಲು ಇಲ್ಲ ಎಂದು ಯಂತ್ರ ಬೈದಿತು. ಸೋಮವಾರ ಬೈದಿತು, ಮಂಗಳವಾರ ಬೈದಿತು, ಗುರುವಾರವೂ ಬೈದಿತು. ಅಪ್ಪನ ಹೆಸರೇ ಇಲ್ಲವೆಂದರೆ ಹಾಡನ್ನು ಯಾರೋ ಆಗಲೇ ರಾಮ ಅನ್ನಿಸಿದ್ದಾರೆ! ಅವಳಿಗೆ ಗುರುವಾರ ಊಟ ಸೇರಲಿಲ್ಲ. ಮನೆಯಲ್ಲಿ ಅಪ್ಪ ಹುಬ್ಬು ಹಾರಿಸಿ ಎಂತ ಎಂಬ ಹಾಗೆ ನೋಡಿದರೆ ತಲೆನೋವು ಎಂದು ಸುಳ್ಳು ಹೇಳಿದಳು.

ಶುಕ್ರವಾರ ಬಂತು. ಮಾರನೆಯ ದಿನ ಲಾರಿ. ಪ್ರೇಮಾವತಿ ವರಾಂಡ ಗುಡಿಸುತ್ತಿದ್ದಳು. ಒಳಗೆ ಗೌತಮಿ ಟೀಚರ್ ನಾಲ್ಕನೆಯ ಕ್ಲಾಸಿನವರಿಗೆ ಹೊಸ ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪಿಂಗ್ ಕಲಿಸುತ್ತಿದ್ದರು. ಅರ್ಧಾಕ್ಷರ ಮಾಡುವ ಹಲಂತದ ಗುರುತಿಗೆ ಮಲಯಾಳದವರು ಚಂದ್ರಕ್ಕಲ ಎನ್ನುತ್ತಾರೆ. ಟೀಚರುಗಳಿಗೆ ಟ್ರೈನಿಂಗ್ ಮಲಯಾಳದಲ್ಲಿ ಆದದ್ದರಿಂದ ಆ ಶಬ್ದವೇ ನಮ್ಮ ಕನ್ನಡ ಶಾಲೆಗೂ ಬಂದು ಕೂತಿದೆ.

"ಸತ್ಯ ಬರೀರಿ ನೋಡುವ. ಸ ಒತ್ತಿ. ತ ಒತ್ತಿ. ಈಗ ಚಂದ್ರಕ್ಕಲ ಒತ್ತಿ. ಮತ್ತೆ ಯ ಒತ್ತಿ. ನಾಲ್ಕು ಸಲ ಒತ್ತಿದ್ರೆ ಮಾತ್ರ ಸತ್ಯ ಬರ್ತದೆ."

ಕಸಬರಿಕೆ ಅಲ್ಲೇ ನಿಂತಿತು. ಪ್ರೇಮಾವತಿ ಬೆರಳು ಮಡಚಿದಳು. ಬ. ಟ. ಚಂದ್ರಕ್ಕಲ. ಯ.

ಅಯ್ಯೋ ದೇವರೇ, ನಾಲ್ಕು! ನಮ್ಮ ಲೆಕ್ಕಕ್ಕೆ ಎರಡು, ಯಂತ್ರದ ಲೆಕ್ಕಕ್ಕೆ ನಾಲ್ಕು. ಸಣ್ಣ ವಯಸ್ಸಿನಿಂದ ಮಗ್ಗಿ ಹೇಳಿದ ಹಾಗೆ ಹೇಳಿಕೊಂಡು ಬಂದ ಎರಡಕ್ಷರದ ಅಪ್ಪನ ಹೆಸರು ಅವಳನ್ನೇ ವಾರವಿಡೀ ಆಟ ಆಡಿಸಿತ್ತು.

ನಾಲ್ಕು ಗಂಟೆಯ ಬೆಲ್ಲನ್ನು ಆವತ್ತು ಎರಡು ನಿಮಿಷ ಮೊದಲೇ ಹೊಡೆದಳು. ಹೆಡ್‌ಮಾಷ್ಟ್ರು ಗಡಿಯಾರ ನೋಡಿದರು, ಅವಳ ಮುಖ ನೋಡಿದರು, ಚೀಲ ಎತ್ತಿಕೊಂಡು ಮನೆಗೆ ಹೊರಟರು. ಆ ಉಪಕಾರವನ್ನೂ ಅವಳು ಇಂದಿಗೂ ನೆನೆಯುತ್ತಾಳೆ.

ಪುಸ್ತಕ ತೊಡೆಯ ಮೇಲೆ ಬಿಡಿಸಿಟ್ಟು ಪೆನ್‌ಡ್ರೈವ್ ಸಿಕ್ಕಿಸಿದಳು, ಅದಕ್ಕೆ ಟೀಚರ್ ಬರೆಸಿದ್ದ ಸಾಲನ್ನು ನೋಡಿ ನೋಡಿ ಒತ್ತಿದಳು. ಚಾವಡಿ ದಾಟಿದಳು. ನಾಲ್ಕು ಪ್ರಶ್ನೆ ಚಿಹ್ನೆ ಹಾಕಿ ಎಂಟರ್. ಮೂರು ಹೆಸರು ಬಂತು, ಮೂರೂ ನಾಲ್ಕು ನಾಲ್ಕು ಚೌಕದವು. ಯಾವುದು ಅಪ್ಪ? ಮೂರನ್ನೂ ಒಟ್ಟಿಗೆ ಕಾಪಿ ಕೊಟ್ಟಳು. ಯಂತ್ರ ಗರಗರ ಎಂದಿತು, ಬಿಸಿಯಾಯಿತು, ಒಮ್ಮೆ ನಿಂತೇ ಹೋದ ಹಾಗಾಯಿತು. ಪ್ರೇಮಾವತಿ ಸೆರಗಿನಿಂದ ಅದಕ್ಕೆ ಗಾಳಿ ಹಾಕಿದಳು. ಸೀರೆಯ ಗಾಳಿಗೆ ಕಂಪ್ಯೂಟರ್ ತಣ್ಣಗಾಗುವುದುಂಟೇ ಎಂದು ನೀವು ಕೇಳಬಹುದು. ಮತ್ತೆ ಎಂತ ಮಾಡುವುದು ಹೇಳಿ?

ಬಿಳಿ ಗೆರೆ ಕೆಳಗಿನ ಸಾಲಿಗೆ ಬಂದು ಮಿಣುಕಿತು. ಯಂತ್ರ ಏನೂ ಹೇಳಲಿಲ್ಲ. ಈ ಸಲ ಅವಳು ಇನ್ನೊಮ್ಮೆ ಒತ್ತಲಿಲ್ಲ.

ಗೌತಮಿ ಟೀಚರ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿದಾಗ ಚೌಕಗಳೆಲ್ಲ ಹೋಗಿ ಕನ್ನಡ ಬಂತು. ಸೀತೆ. ದೇವು. ಬಟ್ಯ.

ಅದನ್ನು ಫೋನಿಗೆ ಹಾಕಿಸಿಕೊಂಡು ಮನೆಗೆ ಹೋದವಳು ಚಪ್ಪಲಿಯನ್ನೂ ಬಿಚ್ಚದೆ ಅಪ್ಪನ ಮುಂದೆ ಹಿಡಿದಳು. ಮಗುವೊಂದು ಕೇಳಿತು: "ನಿಮ್ಮ ಹೆಸರು ಎಂತ ಅಜ್ಜ?" ಗುಡುಗಿದ ಹಾಗೆ ಉತ್ತರ ಬಂತು: "ಬಟ್ಯ!" ಆಮೇಲೆ ಹಾಡು. ಮುದುಕ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಒಂದು ಬೆರಳು ಎತ್ತಿದ, ಇನ್ನೊಮ್ಮೆ. ಹೀಗೆ ಏಳು ಸಲ.

ಶನಿವಾರ ಲಾರಿ ಬರುವ ಮೊದಲು ಪ್ರೇಮಾವತಿ ಆ ಹಳೆಯ ಕಂಪ್ಯೂಟರನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದಳು. "ನಿನ್ನಿಂದ ದೊಡ್ಡ ಉಪಕಾರ ಆಯ್ತು" ಎಂದು ಬಾಯಿಬಿಟ್ಟೇ ಹೇಳಿದಳು. ಶ್ರೀವಾಣಿ ಟೀಚರಿಗೆ ಫೋನು ಮಾಡಿ ಅದನ್ನೇ ಹೇಳಹೊರಟಳು. ಮಾತು ಹೊರಡಲಿಲ್ಲ. ಆ ಕಡೆಯಿಂದ ಟೀಚರ್ "ಸುಮ್ಮನಿದ್ದೀರಿ ಅಂದ್ರೆ ಕೆಲಸ ಆಯ್ತು ಅಂತ ಅರ್ಥ ಅಲ್ವಾ ಪ್ರೇಮಕ್ಕ?" ಎಂದು ನಕ್ಕರು.

ಭಾನುವಾರ ಪಕ್ಕದ ಮನೆಯವನೊಬ್ಬ ಬಂದು ಜಗಲಿಯಲ್ಲಿ ಕೂತ. "ಶಾಲೆಯ ಹಳೆ ಕಂಪ್ಯೂಟರ್ ಎಲ್ಲ ಲಾರಿ ಹತ್ತಿತಂತೆ ಬಟ್ಯಣ್ಣ. ಇನ್ನು ನಿಮ್ಮ ಸ್ವರ ಎಲ್ಲಿಗೆ?"

ಬಟ್ಯ ಕೈ ಎತ್ತಿದ, ಅದೇ ಗತ್ತು. ಆದರೆ ಶಾಲೆಯ ಕಡೆ ಅಲ್ಲ. ತಿರುಗಿ, ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದ ಮಗಳ ಕಡೆ ತೋರಿಸಿದ. ಪ್ರೇಮಾವತಿಯ ಎರಡೂ ಕೈಯಲ್ಲಿ ಬಂಗುಡೆಯ ಪೊರೆ, ರಕ್ತ. ಕಣ್ಣು ಒರೆಸಿಕೊಳ್ಳಲಿಕ್ಕೂ ಆಗಲಿಲ್ಲ.