ಮದ್ದೂರಿನ ಮೇಲೆ ಮಳವಳ್ಳಿಗೆ, ಒಂದು ಬೋಲ್ಟು ಬಿಗಿಯಲು

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಮಂಡ್ಯದ ಮನೆ ಬಿಟ್ಟೆ. ಆರಕ್ಕೇ ಹೊರಡಬೇಕಿತ್ತು. ಆದರೆ ಸರಿಯಾಗಿ ಆ ಹೊತ್ತಿಗೇ ನಲ್ಲಿಯಲ್ಲಿ ನೀರು ಬಂತು. ನಮ್ಮ ಮನೆಯ ಓಣಿ ಎರಡೇ ಮೊಳ ಅಗಲ. ಅದರಲ್ಲೇ ನನ್ನ ಗೇರ್ ಸೈಕಲ್ ನಿಲ್ಲಬೇಕು, ಅದರಲ್ಲೇ ನನ್ನ ಹೆಂಡತಿ ಮಂಗಳ ಬಿಂದಿಗೆ ಹೊತ್ತು ಓಡಾಡಬೇಕು. ಹ್ಯಾಂಡಲ್ಲಿಗೆ ಸಿಕ್ಕಿ ಅವಳ ಸೀರೆ ಎರಡು ಸಲ ಹರಿದ ಮೇಲೆ ನಮ್ಮಿಬ್ಬರಿಗೂ ಒಂದು ಒಪ್ಪಂದವಾಗಿದೆ. ರಾತ್ರಿ ಹ್ಯಾಂಡಲ್ ಅಡ್ಡ ತಿರುಗಿಸಿ ಸೈಕಲನ್ನು ಗೋಡೆಗೆ ಅಂಟಿಸಿ ನಿಲ್ಲಿಸಬೇಕು, ಬೆಳಿಗ್ಗೆ ನೇರ ಮಾಡಿಕೊಳ್ಳಬೇಕು.

"ಅದ್ನ ಮೊದ್ಲು ಆಚ್ಗೆ ತಗೀರಿ, ನೀರು ನಿಂತೋಯ್ತದೆ!" ಎಂದು ಮಂಗಳ ಕೂಗಿದಳು. ಹ್ಯಾಂಡಲ್ ತಿರುಗಿಸಿ, ಸೈಕಲ್ ಬೀದಿಗೆ ತಂದು, ಆರು ಬಿಂದಿಗೆ ನೀರು ಒಳಗೆ ಸೇರಿಸಿಕೊಟ್ಟು, ಹೆಲ್ಮೆಟ್ ಏರಿಸಿ ಹೊರಟೆ. ಡಿಸೆಂಬರಿನ ಚಳಿ. ಮೂಗಿನ ತುದಿ ಎಲ್ಲಿದೆ ಎಂದು ಮುಟ್ಟಿ ನೋಡಿಕೊಳ್ಳಬೇಕಿತ್ತು.

ನನ್ನ ಹೆಸರು ಸಿದ್ದರಾಜು. ಮಂಡ್ಯದ ಒಂದು ಸೈಕಲ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ವಾರದ ಆರು ದಿನ ಊರವರ ಸೈಕಲ್ ರಿಪೇರಿ ಮಾಡುತ್ತೇನೆ, ಏಳನೆಯ ದಿನ ನನ್ನ ಸೈಕಲ್ ಹತ್ತಿ ಊರು ಬಿಡುತ್ತೇನೆ. ಈ ಭಾನುವಾರ ಮಾತ್ರ ಸವಾರಿಯ ಜೊತೆಗೆ ಒಂದು ಕೆಲಸವೂ ಇತ್ತು.

ಹಿಂದಿನ ದಿನ ಮಳವಳ್ಳಿಯ ಜಯಮ್ಮ ಮೇಡಂ ಎಂಬುವವರು ಅಂಗಡಿಗೆ ಬಂದು ಹೊಸ ಲೇಡೀಸ್ ಸೈಕಲ್ ಕೊಂಡಿದ್ದರು. ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿ ರಿಟೈರಾದವರು. ವಯಸ್ಸು ಅರವತ್ತು ದಾಟಿದೆ. ಯಾರಿಗೆ ಎಂದು ಕೇಳಿದರೆ "ನಂಗೇ ಕಣಪ್ಪ" ಎಂದರು. "ಚಿಕ್ಕೋಳಿದ್ದಾಗ ನಮ್ಮಣ್ಣಂದ್ರು ಮುಟ್ಟಕ್ಕೆ ಬುಡ್ನಿಲ್ಲ. ಮದ್ವೆ ಆದ್ಮೇಲೆ ನಮ್ಮೆಜಮಾನ್ರು ಕೇಳಿ ನಗ್ತಿದ್ರು. ಈಗ ತಡೆಯೋರೂ ಇಲ್ಲ, ನಗೋರೂ ಇಲ್ಲ. ಕೊಡು." ಮಳವಳ್ಳಿಯಲ್ಲೇ ಕೊಂಡರೆ ಅಂಗಡಿಯವನು ತಮ್ಮ ಹಳೇ ವಿದ್ಯಾರ್ಥಿ, ಹತ್ತುವ ಮೊದಲೇ ಊರಿಗೆಲ್ಲ ಡಂಗೂರ ಹೊಡೆಯುತ್ತಾನೆ ಎಂದು ಮಂಡ್ಯದವರೆಗೆ ಬಂದಿದ್ದರು.

ಲಗೇಜ್ ಆಟೋದಲ್ಲಿ ಸೈಕಲ್ ಕಳಿಸುವಾಗ ನಾವು ಹ್ಯಾಂಡಲ್ಲಿನ ಬೋಲ್ಟು ಸಡಿಲಿಸಿ ಅಡ್ಡ ತಿರುಗಿಸುತ್ತೇವೆ, ಜಾಗ ಉಳಿಯುತ್ತದೆ. ಇಳಿಸುವಾಗ ಆಟೋದವನು ಅದನ್ನು ಕೈಯಲ್ಲೇ ನೇರ ಮಾಡುತ್ತಾನೆ. ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆದರೆ ಬೋಲ್ಟು ಬಿಗಿಯಾಗಿರುವುದಿಲ್ಲ. ಅದಕ್ಕೇ ನಮ್ಮ ಓನರ್ ಬಾಷಾ ಸಾಬ್ರು ಒಂದು ಪದ್ಧತಿ ಇಟ್ಟಿದ್ದಾರೆ. ಬೋಲ್ಟು ಸಡಿಲ ಇದ್ದರೆ ಹ್ಯಾಂಡಲ್ಲಿಗೆ ಕೆಂಪು ಬಟ್ಟೆ ಕಟ್ಟಬೇಕು. ಬಿಗಿ ಮಾಡಿದವನೇ ಬಿಚ್ಚಬೇಕು.

ಮೇಡಂ ಸೈಕಲ್ಲನ್ನೂ ಹಾಗೇ ಆಟೋಗೆ ಹಾಕಿಸಿ, ಇದನ್ನು ಅವರಿಗೂ ಹೇಳಿದ್ದೆ. "ನಾಳೆ ಹತ್ತು ಗಂಟೆಗೆ ನಾನೇ ಬಂದು ಬಿಗಿ ಮಾಡ್ತೀನಿ. ಕೆಂಪು ಬಟ್ಟೆ ಇದ್ರೆ ಹತ್ತಬೇಡಿ."

"ಇಲ್ದಿದ್ರೆ?"

"ಇಲ್ದಿದ್ರೆ ಹತ್ತಬಹುದು" ಎಂದುಬಿಟ್ಟಿದ್ದೆ.

ಬಸ್ಸಿನಲ್ಲಿ ಹೋಗಿ ಬಾ ಎಂದರು ಸಾಬ್ರು. ನಾನು ಕೇಳುತ್ತೇನೆಯೇ? ಸೈಕಲ್ಲಿನವನು ಸೈಕಲ್ಲಿಗಾಗಿ ಬಸ್ಸಿನಲ್ಲಿ ಹೋಗುವುದು ಮರ್ಯಾದೆಯಲ್ಲ ಎಂದೆ. ಅದೂ ನೇರ ದಾರಿಯಲ್ಲಲ್ಲ, ಮದ್ದೂರು ಸುತ್ತಿಕೊಂಡು ಹೋಗುತ್ತೇನೆ ಎಂದು ಜಂಬ ಕೊಚ್ಚಿದೆ.

ಮಂಡ್ಯದಿಂದ ಮದ್ದೂರಿಗೆ ಇಪ್ಪತ್ತು ಕಿಲೋಮೀಟರ್. ಗೆಜ್ಜಲಗೆರೆಯ ಹತ್ತಿರ, ಹಿಂದೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವನೊಬ್ಬ ನನ್ನ ಪಕ್ಕಕ್ಕೇ ಬಂದು ನಿಧಾನ ಮಾಡಿದ.

"ಯಾಕಣ್ಣಾ, ಗಾಡಿ ಕೆಟ್ಟೋಯ್ತಾ?"

"ಇಲ್ಲ, ನಂಗೆ ಸೈಕಲ್ಲೇ ಇಷ್ಟ."

"ಡಾಕ್ಟ್ರು ಯೋಳವ್ರಾ?"

"ಇಲ್ಲ ಕಣಪ್ಪಾ."

"ಬುಡಣ್ಣಾ, ನಮ್ ಬಾವಂಗೂ ಸುಗರ್ ಐತೆ. ನಾಚ್ಕೆ ಪಟ್ಕಬ್ಯಾಡ" ಎಂದು ಸಮಾಧಾನ ಹೇಳಿ ಮುಂದೆ ಹೋದ. ನನಗೆ ಸಕ್ಕರೆ ಕಾಯಿಲೆ ಇಲ್ಲ ಎಂದು ಕೂಗುವಷ್ಟರಲ್ಲಿ ಅವನು ಮರೆಯಾಗಿದ್ದ.

ಏಳೂ ಮುಕ್ಕಾಲಿಗೆ ಮದ್ದೂರು ತಲುಪಿ ಒಂದು ಹೋಟೆಲಿನ ಮುಂದೆ ನಿಂತೆ. ಎರಡು ಇಡ್ಲಿ, ಒಂದು ಟೀ. ವಡೆ ತಿನ್ನಲಿಲ್ಲವೇ ಎಂದು ಓದುಗರು ಕೇಳಬಹುದು. ಮದ್ದೂರಿನಲ್ಲಿ ವಡೆ ತಿನ್ನುವವರು ರೈಲಿನಲ್ಲಿ ಹೋಗುವವರು. ಮಂಡ್ಯದವರು ಇಡ್ಲಿ ತಿಂದು, ವಡೆ ತಿನ್ನುವವರನ್ನು ನೋಡುತ್ತೇವೆ.

ಬೆವರು ಒರೆಸಿಕೊಳ್ಳಲು ಕರ್ಚೀಫು ಹುಡುಕಿ ಜೇಬಿಗೆ ಕೈ ಹಾಕಿದೆ. ಬಂದದ್ದು ಕೆಂಪು ಬಟ್ಟೆ.

ಬಾಯಲ್ಲಿದ್ದ ಟೀ ನೆತ್ತಿಗೇರಿತು. ಇದು ಮೇಡಂ ಸೈಕಲ್ಲಿನ ಬಟ್ಟೆ! ಕಟ್ಟಿದ್ದೇನೆ ಎಂದುಕೊಂಡು ಜೇಬಿಗೆ ಹಾಕಿಕೊಂಡುಬಿಟ್ಟಿದ್ದೇನೆ. ಈಗ ಮಳವಳ್ಳಿಯಲ್ಲಿ ಆ ಸೈಕಲ್ ಬಟ್ಟೆಯಿಲ್ಲದೆ ನೆಟ್ಟಗೆ ನಿಂತಿದೆ. ಮೇಡಂ ಅದನ್ನು ನೋಡುತ್ತಾರೆ. ಐವತ್ತು ವರ್ಷದಿಂದ ಕಾದವರು ಇನ್ನು ಕಾಯುತ್ತಾರೆಯೇ? ಹತ್ತುತ್ತಾರೆ, ಹ್ಯಾಂಡಲ್ ತಿರುಗುತ್ತದೆ, ಅರವತ್ತು ದಾಟಿದ ಮೂಳೆ. ಫೋನ್ ಮಾಡಿದೆ. ಗಂಟೆ ಹೊಡೆಯಿತು, ಎತ್ತಲಿಲ್ಲ. ನಾಲ್ಕು ಸಲ ಮಾಡಿದೆ.

ಮಳವಳ್ಳಿ ಬಸ್ಸೊಂದು ನಿಂತಿತ್ತು. ಸೈಕಲ್ ಎಳೆದುಕೊಂಡು ಓಡಿದೆ. ಕಂಡಕ್ಟರ್ ಸೈಕಲ್ಲನ್ನು ನೋಡಿದ, ಹೆಲ್ಮೆಟ್ ನೋಡಿದ.

"ಇದ್ನ ಎಲ್ಲಿಗಾಕ್ಲಿ? ಡ್ರೈವರ್ ತೊಡೆ ಮ್ಯಾಲಾ?"

"ಟಾಪಿನ ಮೇಲೆ ಹಾಕಣ್ಣಾ, ಲಗೇಜ್ ಟಿಕೆಟ್ ಕೊಡ್ತೀನಿ. ಒಬ್ರು ಪ್ರಾಣದ ಪ್ರಶ್ನೆ."

"ಟಾಪಿಗೆ ಏಣಿನೇ ಇಲ್ಲ. ನೀನತ್ತು, ಅದ್ನ ಬುಟ್ಬಾ."

ಅದನ್ನು ಬಿಟ್ಟು ಹೋಗುವುದೇ? ಮೂರು ವರ್ಷ ಒಂದೊಂದೇ ಪಾರ್ಟು ಕೂಡಿಸಿ ಕಟ್ಟಿದ ಸೈಕಲ್. ಮಕ್ಕಳನ್ನಾದರೂ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟೇನು ಎಂದುಕೊಂಡು ತುಳಿಯತೊಡಗಿದೆ. ಇನ್ನೂ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ ಇತ್ತು.

ಶಿಂಷಾ ಸೇತುವೆ ದಾಟಿದ್ದು ಗೊತ್ತೇ ಆಗಲಿಲ್ಲ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಹಿಂದಕ್ಕೆ ಚಾಚಿದ ಜಲ್ಲೆಗಳ ತುದಿಗೆ, ಹಿಂದೆ ಬರುವವರಿಗೆ ಎಚ್ಚರಿಕೆಯೆಂದು, ಕೆಂಪು ಬಟ್ಟೆ ಕಟ್ಟಿದ್ದರು. ಕಬ್ಬು ತುಂಬುವವರಿಗೆ ಇರುವ ಬುದ್ಧಿ ನನಗಿಲ್ಲದೆ ಹೋಯಿತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಸಾಲದ್ದಕ್ಕೆ ಸೈಕಲ್ ಬೇರೆ ಎಡಕ್ಕೆ ಎಳೆಯುತ್ತಿತ್ತು. ರಸ್ತೆ ಸರಿಯಿಲ್ಲ ಎಂದು ರಸ್ತೆಯನ್ನೂ ಬೈದೆ. ರಸ್ತೆ ನುಣ್ಣಗಿದ್ದ ಕಡೆ ಗಾಳಿಯನ್ನು ಬೈದೆ.

ಕೆ.ಎಂ. ದೊಡ್ಡಿಗೆ ಇನ್ನೊಂದು ಮೈಲಿ ಇದ್ದಾಗ ವಯಸ್ಸಾದ ಗೌಡರೊಬ್ಬರು ಹಳೇ ಸೈಕಲ್ ಹಿಡಿದು ರಸ್ತೆ ಮಧ್ಯಕ್ಕೇ ಬಂದು ಕೈ ಅಡ್ಡ ಹಾಕಿದರು.

"ನಿಂತ್ಕಳ್ಲಾ. ಚೈನ್ ಕಚ್ಕಂಡ್ಬುಟ್ಟದೆ."

"ಗೌಡ್ರೇ, ಬಹಳ ಅರ್ಜೆಂಟು."

"ನಂದೂ ಅರ್ಜೆಂಟೇ ಕಣ್ಲಾ. ಅಟ್ಟಿಗೆ ನೆಂಟ್ರು ಬಂದವ್ರೆ, ಕೋಳಿ ತಕಂಡೋಯ್ತಿವ್ನಿ." ಕ್ಯಾರಿಯರಿನ ಚೀಲದೊಳಗಿಂದ ಕೋಳಿಯೂ ಹೌದೆಂದಿತು.

ಕೆಟ್ಟ ಸೈಕಲ್ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಕೂತು ಚೈನು ಬಿಡಿಸಿದೆ, ಸಡಿಲವಾಗಿದ್ದ ಹಿಂದಿನ ನಟ್ಟನ್ನೂ ಬಿಗಿದೆ. ಗೌಡರು ಅಷ್ಟರಲ್ಲಿ ನನ್ನ ಸೈಕಲ್ಲನ್ನು ಎಮ್ಮೆ ವ್ಯಾಪಾರಕ್ಕೆ ಬಂದವರಂತೆ ಸುತ್ತು ಹಾಕಿ ನೋಡುತ್ತಿದ್ದರು.

"ನಿನ್ ಆಂಡ್ಲು ಒಂಚೂರು ವಾರೆ ಐತೆ ಕಣ್ಲಾ."

ನನಗೆ ರೇಗಿತು. "ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಗೌಡ್ರೇ!"

"ಆಗ್ಲಿ ಬುಡು, ನಂಗೇನು" ಎಂದರು. ಕೋಳಿ ಇನ್ನೊಮ್ಮೆ ಕೂಗಿತು.

ಮಳವಳ್ಳಿ ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ. ವಿಳಾಸ ಕೇಳಿ ಬೀದಿಗೆ ತಿರುಗಿದೆ. ದೂರದಲ್ಲಿ ಹತ್ತಿಪ್ಪತ್ತು ಜನ ಗುಂಪು ಕಟ್ಟಿಕೊಂಡು ನಿಂತಿದ್ದರು. ಮುಗಿಯಿತು, ಬಿದ್ದಿದ್ದಾರೆ, ನನ್ನಿಂದಲೇ ಬಿದ್ದಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ತುಳಿದೆ. ಅಷ್ಟರಲ್ಲಿ ಗುಂಪಿನ ನಡುವೆ ಜಯಮ್ಮ ಮೇಡಂ ಕುರ್ಚಿಯಿಂದ ಏಳುವುದು ಕಂಡಿತು. ಪಕ್ಕದಲ್ಲಿ ಸೈಕಲ್!

"ಹತ್ತಬೇಡಿ ಮೇಡಂ! ಹತ್ತಬೇಡಿ!" ಎಂದು ಅರಚಿ, ಅವರ ಮನೆ ಮುಂದೆ ಎರಡೂ ಬ್ರೇಕು ಹಿಡಿದು ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ.

ಹ್ಯಾಂಡಲ್ ತಿರುಗಿತು. ಚಕ್ರ ತಿರುಗಲಿಲ್ಲ. ಹ್ಯಾಂಡಲ್ ಒಂದು ಕಡೆಗೆ, ಚಕ್ರ ಒಂದು ಕಡೆಗೆ, ನಾನು ಇಬ್ಬರನ್ನೂ ಬಿಟ್ಟು ಎದುರು ಮನೆಯವರು ಕಟ್ಟಡಕ್ಕೆಂದು ಹಾಕಿಸಿದ್ದ ಮರಳಿನ ಗುಡ್ಡೆಗೆ ಹೋಗಿ ಬಿದ್ದೆ.

ಹೆಲ್ಮೆಟ್ಟಿನೊಳಗಿನ ಮರಳು ಕೊಡವಿ ತಲೆಯೆತ್ತಿದರೆ ಮೇಡಂ ನಿಂತಿದ್ದರು. ಅವರ ಹಿಂದೆ, ಪೂಜೆ ನೋಡಲು ನೆರೆದ ಬೀದಿಯವರ ನಡುವೆ, ಅವರ ಸೈಕಲ್. ಅರಿಶಿನ ಕುಂಕುಮ, ಮಲ್ಲಿಗೆ ಹೂವು, ಚಕ್ರದ ಕೆಳಗೆ ನಿಂಬೆಹಣ್ಣು. ಹ್ಯಾಂಡಲ್ಲಿಗೆ ನಾನೇ ಶನಿವಾರ ಹಾಕಿದ್ದ ಗಂಟಿನಲ್ಲಿ ಕೆಂಪು ಬಟ್ಟೆ.

"ಪೆಟ್ಟಾಯ್ತೇನಪ್ಪಾ?"

"ಇಲ್ಲ. ಫೋನ್ ಯಾಕೆ ಎತ್ಲಿಲ್ಲ ಮೇಡಂ?"

"ಒಳಗೆ ಚಾರ್ಜಿಗಾಕಿವ್ನಿ. ಬೆಳಗಿಂದ ಇಲ್ಲೇ ಕುಂತಿವ್ನಲ್ಲ, ನೀನು ಬತ್ತೀಯ ಅಂತ." ಆಮೇಲೆ ನನ್ನ ಜೇಬಿನಿಂದ ಇಣುಕುತ್ತಿದ್ದ ಬಟ್ಟೆಯನ್ನು ಬೆರಳಿನಿಂದ ತೋರಿಸಿದರು. "ಅದ್ಯಾವುದು?"

ಬಟ್ಟೆಯನ್ನು ಜೇಬಿನಿಂದ ಎಳೆದು ನೋಡಿದೆ, ಅದು ನನ್ನದೇ ಸೈಕಲ್ಲಿನದು. ಮನೆಯಲ್ಲಿ ರಾತ್ರಿ ಬೋಲ್ಟು ಸಡಿಲಿಸಿ ಹ್ಯಾಂಡಲ್ ಅಡ್ಡ ತಿರುಗಿಸಿದಾಗ, ಅಂಗಡಿಯ ಅಭ್ಯಾಸದಲ್ಲೇ, ನನ್ನ ಸೈಕಲ್ಲಿಗೂ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ದಿನಾ ಮಾಡುವ ಕೆಲಸ ಕೈಗೆ ಗೊತ್ತಿರುತ್ತದೆ, ತಲೆಗೆ ಗೊತ್ತಿರುವುದಿಲ್ಲ. ಬೆಳಿಗ್ಗೆ ನೀರಿನ ಗಲಾಟೆಯಲ್ಲಿ ಬಟ್ಟೆ ಬಿಚ್ಚಿ ಜೇಬಿಗೆ ಹಾಕಿ, ಹ್ಯಾಂಡಲ್ ನೇರ ಮಾಡಿ, ಬೋಲ್ಟು ಬಿಗಿಯದೆ ಬಿಂದಿಗೆ ಹೊರಲು ಓಡಿದ್ದೆ. ಮದ್ದೂರಿನಿಂದ ಇಲ್ಲಿಯವರೆಗೆ ನಾನು ಹೆದರಿದ್ದು ಮೇಡಂ ಬೀಳುತ್ತಾರೆಂದು. ಬೀಳುವ ಸೈಕಲ್ ಮೇಲೆ ಕೂತಿದ್ದವನು ನಾನು.

ಮುಚ್ಚಿಡದೆ ಎಲ್ಲ ಹೇಳಿದೆ. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. "ಅಷ್ಟು ದೂರದಿಂದ ನಂಗೋಸ್ಕರ ಎದ್ರಿಕಂಡು ಬಂದಿಯಾ?" ಎಂದು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಆಮೇಲೆ ಮೇಷ್ಟರ ದನಿಯಲ್ಲಿ, "ಮೊದ್ಲು ನಿಂದು ಬಿಗಿ ಮಾಡು. ನಾನು ನೋಡ್ತೀನಿ" ಎಂದರು. ನನ್ನದು ಬಿಗಿದೆ, ಅವರದೂ ಬಿಗಿದೆ. ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ ಪರೀಕ್ಷೆ ಮಾಡುವುದನ್ನು ತೋರಿಸಿಕೊಟ್ಟೆ. ಅವರು ಎರಡೂ ಸೈಕಲ್ಲಿಗೆ ಪರೀಕ್ಷೆ ಮಾಡಿದರು, ನನ್ನದಕ್ಕೆ ಎರಡು ಸಲ.

ಹತ್ತೂವರೆಗೆ ಜಯಮ್ಮ ಮೇಡಂ ಸೈಕಲ್ ಹತ್ತಿದರು. ಸೀಟು ಹಿಡಿದು ನಾನು ಹಿಂದೆ ಓಡಿದೆ. ಮೂರನೆಯ ಸುತ್ತಿಗೆ ಹೇಳದೆ ಕೈ ಬಿಟ್ಟೆ. ಆರು ಮನೆ ದಾಟಿದರು. "ಬುಟ್ಬುಡಬ್ಯಾಡ ಕಣಪ್ಪೋ!" ಎಂದು ಕೂಗುತ್ತಲೇ ದಾಟಿದರು. ಏಳನೆಯ ಮನೆಯ ಹತ್ತಿರ ಕಾಲೂರಿ ತಿರುಗಿ ನೋಡಿದಾಗ ನಾನು ಎಷ್ಟು ಹಿಂದೆ ಇದ್ದೇನೆಂದು ಗೊತ್ತಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಮುಖ ತಿರುಗಿಸಿ, ಕಣ್ಣಿಗೆ ಬಿದ್ದ ಮರಳು ತೆಗೆಯುತ್ತಿರುವಂತೆ ನಟಿಸಿದೆ.

ಊಟ ಮಾಡಿಸದೆ ಬಿಡಲಿಲ್ಲ. ಮುದ್ದೆ, ಅವರೆಕಾಳಿನ ಸಾರು. ಎರಡು ಗಂಟೆಗೆ, ಈ ಸಲ ಮದ್ದೂರು ಸುತ್ತದೆ ನೇರ ದಾರಿಯಲ್ಲಿ, ಮಂಡ್ಯಕ್ಕೆ ಹೊರಟೆ. ಹೊರಡುವಾಗ ಮೇಡಂ ನನ್ನ ಜೇಬಿನ ಕೆಂಪು ಬಟ್ಟೆ ಕೇಳಿ ಇಸ್ಕೊಂಡು ಸೀಟಿನ ಹಿಂದೆ ಭದ್ರವಾಗಿ ಕಟ್ಟಿದರು.

"ಬೋಲ್ಟು ಬಿಗಿ ಆಗಿದೆಯಲ್ಲ ಮೇಡಂ" ಎಂದೆ.

"ಇದು ಬೋಲ್ಟಿಗಲ್ಲ ಕಣಪ್ಪ, ನಿಂಗೆ. ಇಂದೆ ಬರೋರ್ಗಾದ್ರೂ ಗೊತ್ತಾಗ್ಲಿ."

ಮಳವಳ್ಳಿ ದಾಟಿ ಎರಡು ಮೈಲಿ ಬಂದಿರಬೇಕು. ಹಿಂದೆ ಖಾಲಿ ಟ್ರ್ಯಾಕ್ಟರೊಂದರ ಸದ್ದು ಕೇಳಿತು. ಹಾರನ್ ಹೊಡೆಯುತ್ತಾನೆಂದು ಪಕ್ಕಕ್ಕೆ ಸರಿದೆ. ಅವನು ಹೊಡೆಯಲಿಲ್ಲ. ತಿರುಗಿ ನೋಡಿದರೆ ನನ್ನ ಸೀಟಿನ ಹಿಂದೆ ಹಾರಾಡುತ್ತಿದ್ದ ಬಟ್ಟೆಯನ್ನೇ ನೋಡುತ್ತಾ, ಮರ್ಯಾದೆಯಿಂದ ಇಪ್ಪತ್ತು ಮಾರು ದೂರ ಬಿಟ್ಟು ನಿಧಾನವಾಗಿ ಬರುತ್ತಿದ್ದ.