ಬಿಸಿಗೆ ಬೆರೆಸಿದ ತಣ್ಣೀರು

ಮೊನ್ನೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಶಿಡ್ಲಘಟ್ಟದ ಬಸ್ಸಿನ ಹೊತ್ತು ವಿಚಾರಿಸಿ, ಬಿಸಿನೀರು ಕೇಳಿದೆ. ಬಡಿಸುವಾತ ನನ್ನಷ್ಟೇ ನರೆತವನು. ಫ್ಲಾಸ್ಕಿನಿಂದ ಅರ್ಧ ಲೋಟ ಹೊಗೆಯಾಡುವ ನೀರು ಸುರಿದು, ಉಳಿದರ್ಧವನ್ನು ಜಗ್ಗಿನ ತಣ್ಣೀರಿನಿಂದ ತುಂಬಿಸಿ, "ಕುಡೀರಿ ಸಾರ್, ಹದವಾಗೈತೆ" ಎಂದ. ಇಂಥ ಲೋಟವನ್ನು ನೀವೂ ಎಷ್ಟೋ ಸಲ ಕುಡಿದಿರುತ್ತೀರಿ. ನನಗೆ ಮಾತ್ರ ಅದನ್ನು ಕಂಡರೆ ನಾರಾಯಣಮ್ಮ ನೆನಪಾಗುತ್ತಾರೆ.

ಆಗ ನಾನು ಹೊಸದಾಗಿ ಆರೋಗ್ಯ ನಿರೀಕ್ಷಕನಾಗಿದ್ದೆ. ಮುರುಗಮಲ್ಲದ ಆಚೆಯ ಹಳ್ಳಿಯೊಂದರಲ್ಲಿ ನಾರಾಯಣಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಸೈಕಲ್ ಒರೆಸುವುದು. "ನಮ್ಮನೆ ಹುಂಜ ಒಂದಿನ ತಪ್ಪೀತು, ಇನ್‌ಸ್ಪೆಕ್ಟ್ರು ತಪ್ಪಲ್ಲ" ಎಂದು ಆಕೆ ಊರಿಗೆಲ್ಲ ಹೇಳುತ್ತಿದ್ದರು. ನಾನದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ಆ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ಅದರ ಜೀವಾಣುವನ್ನು ತರಬೇತಿಯಲ್ಲಿ ಸೂಕ್ಷ್ಮದರ್ಶಕದಡಿ ನೋಡಿದ್ದೆ. ಬಣ್ಣ ಹಚ್ಚಿದಾಗ ತಿಳಿಗೆಂಪಾಗಿ ಕಾಣುವ, ಅಲ್ಪವಿರಾಮದಂತೆ ಬಾಗಿದ ಒಂದು ಗೆರೆ. ಅಷ್ಟು ಚಿಕ್ಕದು ಗಟ್ಟಿ ಆಳನ್ನೂ ಅರ್ಧ ದಿನದಲ್ಲಿ ಹಿಂಡಿಹಾಕುತ್ತದೆಂದು ಓದಿ ಗೊತ್ತಿತ್ತು, ಕಂಡಿರಲಿಲ್ಲ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಬರುವತನಕ ಇದ್ದದ್ದು ಒಂದೇ ದಾರಿ. ಗಡಿಯಾರ ನೋಡಿಕೊಂಡು, ಮನೆಗೊಂದು ನಿಮಿಷದಂತೆ, "ನೀರು ಕುದಿಸಿ ಕುಡೀರಿ" ಎಂದು ಸಾರಿಬಂದೆ. ಒಬ್ಬ ಅಜ್ಜ ಏನೋ ಕೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ನಾನು ಪಕ್ಕದ ಮನೆಯ ಮೆಟ್ಟಿಲಲ್ಲಿದ್ದೆ.

ಮೂರನೆಯ ದಿನ ನಾರಾಯಣಮ್ಮನವರೇ ಮಲಗಿದರು. ಬೆಳಿಗ್ಗೆ ವಾಂತಿಭೇದಿ ಶುರುವಾದದ್ದು, ಮಧ್ಯಾಹ್ನಕ್ಕೆ ಕಣ್ಣು ಗುಳಿಬಿದ್ದಿತ್ತು. ಮುಂಗೈ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಚಿಂತಾಮಣಿಯಿಂದ ಆಸ್ಪತ್ರೆಯ ಜೀಪು ಬರಬೇಕಿತ್ತು.

"ನೀರು ಕುದಿಸ್ಲಿಲ್ವೇನಮ್ಮ?" ಎಂದು ಸೊಸೆ ಮಂಜುಳಳನ್ನು ಗದರಿದೆ.

"ದಿನಾ ಕುದಿಸಿದ್ವಿ ಸಾರ್. ಅತ್ತೇನೇ ಒಲೆ ಮುಂದೆ ಕೂತ್ಕೊಂಡು ಕುದಿಸ್ತಿದ್ರು."

ಹಾಗೆನ್ನುತ್ತಲೇ ಆಕೆ ಅತ್ತೆಗೆಂದು ಕುದಿವ ನೀರನ್ನು ಅರ್ಧ ಲೋಟ ಬಗ್ಗಿಸಿದಳು. ಪಕ್ಕದ ಕೊಡದಿಂದ ಬಾವಿಯ ತಣ್ಣೀರನ್ನು ಅದಕ್ಕೆ ಬೆರೆಸಿದಳು. ಹದವಾಯಿತೇ ಎಂದು ಬೆರಳದ್ದಿ ನೋಡಿದಳು. ನಾನು ಲೋಟಕ್ಕೆ ಕೈ ಅಡ್ಡ ಹಿಡಿದೆ.

"ಮತ್ತೆ ಸುಡೋ ನೀರು ಹೆಂಗೆ ಕುಡಿಯೋದು ಸಾರ್?" ಎಂದಳು ಮಂಜುಳ.

ಸ್ನಾನದ ನೀರಿಗೆ ಬೆರೆಸುವಂತೆ ಊರೆಲ್ಲ ಬೆರೆಸಿತ್ತು. ಅಜ್ಜ ಕೇಳಹೊರಟದ್ದೂ ಬಹುಶಃ ಇದನ್ನೇ.

ಕುದಿದ ನೀರಿನ ಪಾತ್ರೆಯನ್ನು ಇಳಿಸಿ, ಮುಚ್ಚಿ, ಮೊರದಿಂದ ಗಾಳಿ ಹಾಕುತ್ತ ಕೂತೆ. ಅಷ್ಟು ನಿಧಾನವಾಗಿ ನೀರು ಆರಿದ್ದನ್ನು ನಾನು ಕಂಡಿಲ್ಲ. ಆರಿದ ಮೇಲೆ ಉಪ್ಪು ಸಕ್ಕರೆ ಕದಡಿ ಚಮಚ ಚಮಚವಾಗಿ ಕುಡಿಸಿದೆ. "ಚಾಲಪ್ಪ, ಸಾಕು" ಎಂದು ತೆಲುಗು ಬೆರೆಸಿ ಗೊಣಗಿ ಆಕೆ ಮುಖ ತಿರುಗಿಸಿದರೂ ಬಿಡಲಿಲ್ಲ. ಜೀಪು ಆಕೆಯನ್ನು ಕರೆದೊಯ್ದ ಮೇಲೆ ಮತ್ತೆ ಮನೆಮನೆಗೆ ಹೋದೆ. ಈ ಸಲ ಗಡಿಯಾರವನ್ನು ಕೋಣೆಯಲ್ಲೇ ಬಿಟ್ಟಿದ್ದೆ.

ವಾರದ ಮೇಲೆ ನಾರಾಯಣಮ್ಮ ಬದುಕಿ ಬಂದರು. ಜಗಲಿಯ ಮೇಲೆ ಕೂತು ನನ್ನನ್ನು ನೋಡಿ ನಕ್ಕರು. "ಕುದಿಸು ಅಂದೆ, ಕುದಿಸ್ದೆ. ಆರೋಗಂಟ ಕಾಯಿ ಅನ್ನಕ್ಕೆ ನಿಂಗೆ ಪುರುಸೊತ್ತಿರ್ಲಿಲ್ಲ ಕಣಪ್ಪ."

ಇಷ್ಟಾದರೂ ಬುದ್ಧಿ ಪೂರ್ತಿ ಬಂದಿಲ್ಲ. ಹೋಟೆಲುಗಳಲ್ಲಿ ಇಂಥ ಲೋಟ ಕಂಡರೆ ಎರಡು ಮಾತು ಗದರಿ ಎದ್ದುಬಿಡುತ್ತೇನೆ. ಮೊನ್ನೆಯೂ ಎದ್ದೆ. ಏಳುವಾಗ ಕಣ್ಣು ಕೈಗಡಿಯಾರದ ಮೇಲಿತ್ತು. ಅದು ಅರಿವಾಗಿ ಮತ್ತೆ ಕೂತೆ.

"ಬರೀ ಬಿಸಿ ಕೊಡಪ್ಪ."

"ನಾಲಗೆ ಸುಡ್ತದೆ ಸಾರ್."

"ಆರೋವರೆಗೆ ಕಾಯ್ತೀನಿ."

"ನಿಮ್ಮ ಶಿಡ್ಲಘಟ್ಟದ ಬಸ್ಸು ಹೊರಡ್ತೈತೆ ನೋಡಿ."

"ಹೋಗ್ಲಿ ಬಿಡು. ಯಾಕೆ ಅಂತ ಹೇಳ್ತೀನಿ, ಕೂತ್ಕೊ."

ಆತ ಹೆಗಲ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಎದುರಿಗೆ ಕೂತ. ನಡುವೆ ಲೋಟ ಹೊಗೆಯಾಡುತ್ತಿತ್ತು. ಬಸ್ಸು ಹೋಯಿತು.