ಖಾನಾವಳಿಯ ಮೈಸೂರು ಸಾಹೇಬ

"ಬೀದರದಾಗ ಇವಂಗ ಕಾಲೇಜ್ ಸಿಗಬಹುದು, ಪುಸ್ತಕ ಸಿಗಬಹುದು. ಊಟ ಯಾರ್ ಹಾಕ್ತಾರ? ಬಿ.ಎ. ಅಂಬೋದು ನಮ್ಮ ಮನಿಯಾಗ ಆಗೂ ಮಾತಲ್ಲ" ಎಂದವರು ನನ್ನ ಸೋದರಮಾವ. ಭಾಲ್ಕಿಯ ಅಡತಿ ಅಂಗಡಿಗಳಲ್ಲಿ ಕಾಳಿನ ಚೀಲ ಹೊರುತ್ತಿದ್ದ ಅವರು ಯಾವುದೋ ಸಾಕ್ಷಿ ಹೇಳಲು ಒಮ್ಮೆ ಬೀದರಕ್ಕೆ ಹೋಗಿ, ಹಸಿದುಕೊಂಡೇ ತಿರುಗಿ ಬಂದಿದ್ದರು. ಆ ಒಂದು ಅನುಭವದ ಮೇಲೆ ನಮ್ಮ ಮನೆಯಲ್ಲಿ ಬೀದರದ ವಿಷಯಕ್ಕೆ ಅವರೇ ಪಂಡಿತರು.

ಆಗ ನಾವು ಮೈಸೂರು ರಾಜ್ಯ ಸೇರಿ ಕೆಲವು ವರ್ಷಗಳಾಗಿದ್ದವು. ಸೇರಿದ್ದು ನನಗೆ ಗೊತ್ತಾದದ್ದು ಶಾಲೆಯಲ್ಲಿ. ಉರ್ದು ಹಿಂದೆ ಸರಿದು ಕನ್ನಡ ಮುಂದೆ ಬಂತು. ಅದನ್ನು ಕಲಿಸಲು ಮೈಸೂರು ಕಡೆಯಿಂದ ಒಬ್ಬ ಮಾಸ್ತರರು ಬಂದರು. ಅವರ ಹಾಗೆ ಮಾತಾಡಿದರೆ ಅಂಕ ಹೆಚ್ಚು ಸಿಗುತ್ತಿತ್ತು. ನಾನು ಹಾಗೆಯೇ ಮಾತಾಡಲು ಕಲಿತೆ.

ಬೀದರದಲ್ಲಿ ಔರಾದದ ಗೆಳೆಯನೊಬ್ಬನ ಜೊತೆ ಕೋಣೆ ಹಿಡಿದೆ. ಕೆಳಗೆ ಹತ್ತಿಯ ಗೋದಾಮು ಇದ್ದುದರಿಂದ ಒಲೆ ಹಚ್ಚುವಂತಿರಲಿಲ್ಲ. ಗೆಳೆಯನಿಗೆ ಔರಾದದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ನನ್ನ ಅವ್ವ ಬೆಳಕು ಹರಿಯುವ ಮೊದಲೇ ಊರ ಗೌಡರ ಹೊಲಕ್ಕೆ ಕೂಲಿಗೆ ಹೋಗುವವಳು. ಬುತ್ತಿ ಕಟ್ಟಿಕೊಂಡು ಬಸ್ಸು ಕಾಯಲು ಅವಳಿಗೆ ಹೊತ್ತೆಲ್ಲಿ? ಊಟದ ಜಾಗ ನಾನೇ ಹುಡುಕಬೇಕು. ಸಿಗದಿದ್ದರೆ ಹಲಬರ್ಗಾದ ಬಸ್ಸು ಹತ್ತಿ ಊರಿಗೆ ಹೋಗಬೇಕು, ಓದು ಅಲ್ಲಿಗೇ ಮುಗಿಯಿತು.

ದೊಡ್ಡ ಊರಿನಲ್ಲಿ ಊಟಕ್ಕೆ ಹೋದವರು ರುಚಿ ಹೇಗೆ, ದರ ಎಷ್ಟು ಎಂದು ಕೇಳುತ್ತಾರಂತೆ. ನನ್ನ ಸರದಿಯಲ್ಲಿ ಕೇಳಿದವರು ಖಾನಾವಳಿಯವರು.

"ಯಾವೂರೋ?"

"ಹಲಬರ್ಗಾರಿ."

"ಹಲಬರ್ಗಾದಾಗ ಯಾರ ಪೈಕಿ?"

ಅಪ್ಪನ ಹೆಸರು ಹೇಳಿದೆ. ಅಷ್ಟೇ ಸಾಕಾಯಿತು.

"ಹೊರಗ ಕಟ್ಟಿ ಮ್ಯಾಲ ಕೂಡ್ರಪ. ಗಾಳಿ ಛಲೋ ಬರ್ತದ."

ಗಾಳಿ ನಿಜಕ್ಕೂ ಚೆನ್ನಾಗಿತ್ತು. ಉಣ್ಣದೆ ಎದ್ದು ಬಂದೆ. ನಾವು ಆಗಲೇ ಬೌದ್ಧರಾಗಿದ್ದೆವು. ಖಾನಾವಳಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಊರ ನಡುವಿನ ಚೌಬಾರ ಗೋಪುರದ ಹತ್ತಿರ ಒಂದು ಚಹಾದ ಹೋಟೆಲಿತ್ತು. "ಆವೋ ಮಿಯಾ, ಬೈಠೋ" ಎಂದು ಕರೆದರೇ ಹೊರತು ಅಲ್ಲಿ ಯಾರೂ ಬೇರೇನೂ ಕೇಳಲಿಲ್ಲ. ಆದರೆ ಅಲ್ಲಿ ನನ್ನ ಕೈಗೆ ಎಟುಕುತ್ತಿದ್ದದ್ದು ಚಹಾ, ಬಿಸ್ಕೀಟು ಮಾತ್ರ. ಕೆಲವು ದಿನ ಬಿಸ್ಕೀಟು ಅದ್ದಿ ತಿಂದು ಅರ್ಥಶಾಸ್ತ್ರ ಓದಿದೆ. ಅಭಾವದ ಪಾಠ ಬೇಗ ತಲೆಗೆ ಹತ್ತಿತು, ಉಳಿದವು ಹತ್ತಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ, ಕಚೇರಿಗಳ ಹಿಂದಿನ ಓಣಿಯಲ್ಲಿ ವಿಧವೆಯೊಬ್ಬಳು ನಡೆಸುತ್ತಿದ್ದ ಖಾನಾವಳಿಯ ಬಾಗಿಲಲ್ಲಿ ನಿಂತೆ. ಹಸಿವು, ಅಂಜಿಕೆ ಎರಡೂ ಕೂಡಿ ಬಾಯಿಂದ ಮಾಸ್ತರರ ಕನ್ನಡವೇ ಹೊರಬಿತ್ತು.

"ಅಮ್ಮಾ, ಇಲ್ಲಿ ಊಟ ದೊರೆಯುತ್ತದೆಯೇ?"

ರೊಟ್ಟಿ ಬಡಿಯುತ್ತಿದ್ದವಳು ಎದ್ದೇ ನಿಂತಳು.

"ಬರ್ರಿ, ಒಳಗ ಬರ್ರಿ! ಮೈಸೂರು ಕಡಿಯವರೇನ್ರಿ? ಕಚೇರಿಗಿ ಆ ಕಡಿ ಸಾಹೇಬ್ರು ಭಾಳ ಮಂದಿ ಬಂದಾರಲ್ಲ, ಅವ್ರಾಗ ಯಾರದೋ ಮಗಾ ಇರಬೇಕು!"

ಉತ್ತರಕ್ಕೆ ಕಾಯಲಿಲ್ಲ. ಮಣೆ ಒರೆಸಿ ಹಾಕಿದಳು. ಯಾರ ಪೈಕಿ ಎಂದೂ ಕೇಳಲಿಲ್ಲ. ಮೈಸೂರಿನಲ್ಲಿ ಯಾವ ಯಾವ ಪೈಕಿ ಇರುತ್ತವೆಂದು ಆಕೆಗೆ ಗೊತ್ತಿರಲಿಲ್ಲ. ದರ ಕಡಿಮೆ, ಬ್ಯಾಳಿ ಸಾರು ರುಚಿ. ಬುಟ್ಟಿಯಲ್ಲಿದ್ದ ಬಿಸಿ ಜೋಳದ ರೊಟ್ಟಿ ನೋಡುತ್ತ ಕುಳಿತೆ. ಆಕೆ ಅದನ್ನು ಬೇರೆ ರೀತಿ ತಿಳಿದಳು.

"ಅಂಜಬ್ಯಾಡ್ರಿ. ಆ ಕಡಿ ಮಂದಿಗಿ ರೊಟ್ಟಿ ಪಚನಾಗಲ್ಲಂತ ಗೊತ್ತದ. ನಿಮಗ ಅನ್ನಾನೇ ಮಾಡ್ತೀನಿ."

ಹೀಗೆ ನಾನು ಮೈಸೂರು ರಾಜ್ಯವನ್ನು ಪೂರ್ತಿಯಾಗಿ ಸೇರಿದೆ. ದಿನಾ ಅನ್ನ. ಉಂಡು ಕೋಣೆಗೆ ಬರುವಷ್ಟರಲ್ಲಿ ಮತ್ತೆ ಹಸಿವು. ಗೆಳೆಯ ಬುತ್ತಿ ಬಿಚ್ಚುತ್ತ ಕೆಣಕುವನು: "ಏ ಸಾಹೇಬ, ಅರ್ಧಾ ರೊಟ್ಟಿ ಕೊಡಲೇನು? ಇಲ್ಲಾ ಡಾಕ್ಟರ್‌ಗ ಕೇಳಿ ಬರ್ತಿ?"

ಕೊನೆಯ ವರ್ಷ, ಪರೀಕ್ಷೆ ಹತ್ತಿರ ಬಂದಿತ್ತು. ಆ ದಿನ ಖಾನಾವಳಿಯಲ್ಲಿ ಗದ್ದಲ. ಹೆಚ್ಚಲು ಪುರುಸೊತ್ತಿಲ್ಲದೆ ಆಕೆ ಇಡೀ ಉಳ್ಳಾಗಡ್ಡಿಯನ್ನೇ ತಾಟಿಗೆ ಹಾಕಿ ಹೋದಳು. ನಾನು ಓದಿದ್ದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಕೈ ತನ್ನಷ್ಟಕ್ಕೆ ತಾನೇ ಉಳ್ಳಾಗಡ್ಡಿಯನ್ನು ನೆಲಕ್ಕಿಟ್ಟು ಮುಷ್ಟಿಯಿಂದ ಗುದ್ದಿತು. ಹೊಲದ ಬದುವಿನಲ್ಲಿ ಅಪ್ಪ ಗುದ್ದುವ ಹಾಗೆ. ಒಂದೇ ಪೆಟ್ಟಿಗೆ ನಾಲ್ಕು ಹೋಳು.

ತಲೆಯೆತ್ತಿದರೆ ಆಕೆ ನೋಡುತ್ತಿದ್ದಳು. ಎಲ್ಲರೂ ಎದ್ದುಹೋದ ಮೇಲೆ ಅಡುಗೆಮನೆಯ ಬಾಗಿಲಿಗೆ ಕರೆದಳು.

"ಮೈಸೂರಾಗ ಉಳ್ಳಾಗಡ್ಡಿ ಹಿಂಗ ಒಡೀತಾರೇನ್ರಿ?"

ನಾನು ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಯಾವೂರು?"

"ಹಲಬರ್ಗಾ."

"ಯಾರ ಪೈಕಿ?"

ಹೇಳಿದೆ. ಆಕೆ ಬೀದಿಯ ಕಡೆ ನೋಡಿದಳು. ಅಲ್ಲಿಯೂ ಒಂದು ಕಟ್ಟೆ ಇತ್ತು. ಪರೀಕ್ಷೆಗೆ ಮೊದಲೇ ನನ್ನ ಬಿ.ಎ. ಮುಗಿಯಿತು ಎಂದುಕೊಂಡೆ.

"ಅಲ್ಲೋ, ಈ ಓಣಿ ತುಂಬ ಹೇಳೀನಿ, ಮೈಸೂರು ಸಾಹೇಬ್ರ ಮಗಾ ನಮ್ಮಲ್ಲೇ ಉಣ್ತಾನಂತ. ಅದಕ್ಕೇ ಕಚೇರಿ ಮಂದಿ ಬರ್ಲಿಕತ್ಯಾರ. ಈಗ ನೀ ಹೊರಗ ಕುಂತರ ನನಗ ಏನಂತಾರ? ಮೊದಲು ಮಣಿ ಮ್ಯಾಲ ಯಾಕ ಕುಂದ್ರಸಿದ್ದಿ ಅನ್ನಲ್ಲೇನು?"

"ಹಂಗಾದ್ರ ಏನ್ ಮಾಡ್ಲಿರಿ?"

"ಏನ್ ಮಾಡೋದು? ಪರೀಕ್ಷಾ ಮುಗೀತನ ಸುಮ್ಮ ಅನ್ನ ಉಣ್ರಿ. ಉಳ್ಳಾಗಡ್ಡಿ ನಾನೇ ಹೆಚ್ಚಿ ಕೊಡ್ತೀನಿ. ಮುಷ್ಟಿ ಮಾತ್ರ ಎತ್ತಬ್ಯಾಡ್ರಿ."

ಒಂದೇ ಉಸಿರಿನಲ್ಲಿ ನಾನು ಏಕವಚನಕ್ಕೆ ಇಳಿದು ಮತ್ತೆ ಬಹುವಚನಕ್ಕೆ ಏರಿದ್ದೆ. ಆಕೆಯದು ದಯೆಯೋ ವ್ಯಾಪಾರವೋ, ಇವತ್ತಿಗೂ ತಿಳಿದಿಲ್ಲ. ಎರಡರಲ್ಲಿ ಯಾವುದಾದರೂ ಅನ್ನ ಬಿಸಿಯಾಗಿಯೇ ಇರುತ್ತಿತ್ತು. ಪರೀಕ್ಷೆ ಬರೆದೆ, ಪಾಸಾದೆ.

ಪದವಿಯ ಸರ್ಟಿಫಿಕೇಟು ಕೈಗೆ ಬಂದ ದಿನವೇ ಊರಿಗೆ ತಂದು ಅವ್ವನಿಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಓದಲು ಬಾರದವಳು ಮೇಲಿಂದ ಕೆಳಗಿನವರೆಗೂ ನೋಡಿದಳು.

"ಇದರಾಗ ನಿಮ್ಮಪ್ಪನ ಹೆಸರು ಅದ ಏನು?"

"ಅದಬೇ. ನನ್ನ ಹೆಸರಿನ ಬಾಜೂಕೇ ಅದ."

ಗಂಡನ ಹೆಸರನ್ನು ಅವ್ವ ಎಂದೂ ಬಾಯಲ್ಲಿ ಹೇಳಿದವಳಲ್ಲ. ಸರ್ಟಿಫಿಕೇಟನ್ನು ನನಗೇ ತಿರುಗಿ ಕೊಟ್ಟಳು.

"ನಾ ಅಂತೂ ಅಂಬಂಗಿಲ್ಲ. ನೀ ಅಂಗಳದಾಗ ನಿಂತು ಒದರಿ ಓದು. ಗೌಡ್ರ ವಾಡೇದ ತನಾ ಕೇಳಬೇಕು."